ಸ್ಟೋರ್ ಮ್ಯಾನೇಜರ್ ಸಂದರ್ಶನ: ಏನು ಕೇಳುತ್ತಾರೆ, ಏನು ನೋಡುತ್ತಾರೆ

ಸರಣಿ ಮಳಿಗೆಯ ಸ್ಟೋರ್ ಮ್ಯಾನೇಜರ್ ಹುದ್ದೆಯಲ್ಲಿ ಹೊಣೆ ದೊಡ್ಡದು, ಅಧಿಕಾರ ಚಿಕ್ಕದು. ಯಾವ ಮಾಲು ಬರಬೇಕು, ಅದಕ್ಕೆ ಎಷ್ಟು ಬೆಲೆ, ಯಾವ ಹಬ್ಬಕ್ಕೆ ಎಷ್ಟು ರಿಯಾಯಿತಿ ಎಂಬುದೆಲ್ಲ ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗುತ್ತದೆ. ಕಟ್ಟಡದ ಬಾಡಿಗೆ ಮಾತಾಡುವವರು ಬೇರೆ, ಜಾಹೀರಾತು ಕೊಡುವವರು ಬೇರೆ. ಆದರೆ ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದರೆ, ಸ್ಟಾಕ್ ಎಣಿಕೆಯಲ್ಲಿ ಕೊರತೆ ಕಂಡರೆ, ಕ್ಯಾಶ್ ತಾಳೆಯಾಗದಿದ್ದರೆ ಉತ್ತರ ಹೇಳಬೇಕಾದವರು ಮಳಿಗೆಯಲ್ಲಿ ನಿಂತವರು. ಹೀಗಾಗಿ ಈ ಹುದ್ದೆಯ ಸಂದರ್ಶನ ಎಲ್ಲಿಂದ ಶುರುವಾದರೂ ಒಂದೇ ಕಡೆಗೆ ಬಂದು ನಿಲ್ಲುತ್ತದೆ. ಯಾರನ್ನು ಯಾವ ಹೊತ್ತಿಗೆ ಎಲ್ಲಿ ನಿಲ್ಲಿಸಬೇಕು, ಬಂದ ಮಾಲನ್ನು ಎಷ್ಟು ಬೇಗ ರ್‍ಯಾಕಿಗೆ ಏರಿಸಬೇಕು ಎಂಬಂಥ, ತಮ್ಮ ಕೈಯಲ್ಲಿದ್ದ ಅಷ್ಟಿಷ್ಟರಿಂದಲೇ ಅಭ್ಯರ್ಥಿ ಮಾರಾಟದ ಅಂಕಿಯನ್ನು ಬದಲಿಸಿದ್ದಾರೆಯೇ? ಬದಲಿಸಿದ್ದರೆ ಹೇಗೆಂದು ಬಿಡಿಸಿ ಹೇಳಬಲ್ಲರೇ? ಉಳಿದ ಪ್ರಶ್ನೆಗಳೆಲ್ಲ ಇದರ ಸುತ್ತಲೇ ತಿರುಗುತ್ತವೆ.

ಡಿಮಾರ್ಟ್, ರಿಲಯನ್ಸ್ ಸ್ಮಾರ್ಟ್, ಮೋರ್‌ನಂಥ ದಿನಸಿ ಮಳಿಗೆಗಳು, ವೆಸ್ಟ್‌ಸೈಡ್, ಝುಡಿಯೊ, ಮ್ಯಾಕ್ಸ್, ಟ್ರೆಂಡ್ಸ್‌ನಂಥ ಬಟ್ಟೆ ಮಳಿಗೆಗಳು, ಕ್ರೋಮಾದಂಥ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಈಗ ಬೆಂಗಳೂರನ್ನು ದಾಟಿ ಜಿಲ್ಲಾ ಕೇಂದ್ರಗಳಿಗೂ ಬಂದಿವೆ. ಈ ಹುದ್ದೆಗೆ ಬರುವ ದಾರಿ ಸಾಮಾನ್ಯವಾಗಿ ಎರಡು. ಸೇಲ್ಸ್ ಅಸೋಸಿಯೇಟ್ ಅಥವಾ ಕ್ಯಾಷಿಯರ್ ಆಗಿ ಸೇರಿ, ವಿಭಾಗದ ಮೇಲ್ವಿಚಾರಣೆ ನೋಡಿಕೊಂಡು, ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಮೇಲೇರುವುದು ಒಂದು. ಇನ್ನೊಂದು ಸರಣಿಯಿಂದ, ಹೋಟೆಲ್ ಅಥವಾ ಫಾಸ್ಟ್‌ಫುಡ್ ಮಳಿಗೆಯಿಂದ ಜಿಗಿದು ಬರುವುದು ಮತ್ತೊಂದು. ಮೊದಲ ದಾರಿಯವರಿಗೆ ಫ್ಲೋರ್ ಗೊತ್ತು, ಲಾಭ-ನಷ್ಟದ ಪಟ್ಟಿ ಗೊತ್ತಿರುವುದಿಲ್ಲ. ಎರಡನೆಯವರಿಗೆ ಲೆಕ್ಕ ಗೊತ್ತು, ಆ ಮಾಲಿನ ಸ್ವಭಾವ ಗೊತ್ತಿರುವುದಿಲ್ಲ. ಸಂದರ್ಶನ ಮಾಡುವವರು ಮೊದಲು ಕೈಯಿಡುವುದು ಈ ಕೊರತೆಯ ಮೇಲೆಯೇ. ಆದ್ದರಿಂದ ತಯಾರಿಯೂ ಅಲ್ಲಿಂದಲೇ ಆರಂಭವಾಗಬೇಕು.

ಸಾಮಾನ್ಯವಾಗಿ ಮೂರು ಸುತ್ತುಗಳಿರುತ್ತವೆ. ಮೊದಲನೆಯದು ಎಚ್.ಆರ್. ವಿಭಾಗದ ಫೋನ್ ಕರೆ. ಈಗಿನ ಸಂಬಳ, ನೋಟಿಸ್ ಅವಧಿ, ಬೇರೆ ಊರಿಗೆ ಹೋಗಲು ಸಿದ್ಧರೇ ಎಂಬುದಷ್ಟೇ ಅಲ್ಲಿ ವಿಚಾರಣೆ. ಎರಡನೆಯದು ಏರಿಯಾ ಅಥವಾ ಕ್ಲಸ್ಟರ್ ಮ್ಯಾನೇಜರ್ ಎದುರು. ತೂಕವಿರುವುದು ಈ ಸುತ್ತಿಗೇ, ಏಕೆಂದರೆ ಮುಂದೆ ದಿನವೂ ಫೋನ್ ಮಾಡಿ ಸೇಲ್ ಎಷ್ಟಾಯಿತು ಎಂದು ಕೇಳುವವರು ಅವರೇ. ಕೆಲವರು ಕಚೇರಿಯಲ್ಲಿ ಕೂರಿಸುವ ಬದಲು ಮಳಿಗೆಗೇ ಕರೆಸಿ, ಒಂದು ಸುತ್ತು ಹಾಕಿಕೊಂಡು ಬಂದು ಕಂಡದ್ದು ಹೇಳಿ ಎನ್ನುತ್ತಾರೆ. ಮೂರನೆಯದರಲ್ಲಿ ಆಪರೇಷನ್ಸ್ ಮುಖ್ಯಸ್ಥರ ಭೇಟಿ, ಸಂಬಳದ ಮಾತು.

ಮಳಿಗೆಯನ್ನು ಮೊದಲೇ ನೋಡಿ ಬರುವುದು

ಕಂಪನಿಯ ವೆಬ್‌ಸೈಟ್ ಓದಿಕೊಂಡು ಹೋಗುವವರು ಬಹಳ. ಅದೇ ಕಂಪನಿಯ ಮಳಿಗೆಯಲ್ಲಿ ಎರಡು ಗಂಟೆ ಕಳೆದು ಹೋಗುವವರು ಕಡಿಮೆ. ಎರಡನೆಯ ಗುಂಪಿನವರು ಮಾತು ಶುರುಮಾಡಿದ ಕೂಡಲೇ ಬೇರೆಯಾಗಿ ಕಾಣುತ್ತಾರೆ. ಸಾಧ್ಯವಾದರೆ ಎರಡು ಸಲ ಹೋಗಬೇಕು: ವಾರದ ನಡುವಿನ ಒಂದು ಮಧ್ಯಾಹ್ನ, ಭಾನುವಾರದ ಒಂದು ಸಂಜೆ. ಖಾಲಿ ಹೊತ್ತಿನಲ್ಲಿ ಮಳಿಗೆಯ ಶಿಸ್ತು ಕಾಣುತ್ತದೆ, ಗದ್ದಲದ ಹೊತ್ತಿನಲ್ಲಿ ಅದರ ಯೋಜನೆ ಕಾಣುತ್ತದೆ.

ನೋಡಬೇಕಾದದ್ದು ಮಳಿಗೆಯ ಬಗೆಯನ್ನು ಅವಲಂಬಿಸಿದೆ. ಬಟ್ಟೆ ಅಂಗಡಿಯಲ್ಲಿ ಯಾವ ಅಳತೆ ಖಾಲಿಯಾಗಿದೆ, ಟ್ರಯಲ್ ರೂಮಿನ ಮುಂದೆ ಸಾಲು ಎಷ್ಟುದ್ದ, ಹಾಕಿ ನೋಡಿ ಬಿಟ್ಟುಹೋದ ಬಟ್ಟೆ ಮರಳಿ ಹ್ಯಾಂಗರಿಗೆ ಏರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು. ದಿನಸಿ ಮಳಿಗೆಯಲ್ಲಿ ತರಕಾರಿಯ ತಾಜಾತನ, ರ್‍ಯಾಕಿನ ಬೆಲೆಚೀಟಿಗೂ ಬಿಲ್ಲಿನ ಬೆಲೆಗೂ ಹೊಂದಾಣಿಕೆ, ಹತ್ತು ಕೌಂಟರುಗಳಲ್ಲಿ ಎಷ್ಟು ತೆರೆದಿವೆ ಎಂಬ ಲೆಕ್ಕ ಮುಖ್ಯ. ಮೊಸರು, ಬ್ರೆಡ್ಡುಗಳ ಸಾಲಿನಲ್ಲಿ ಹಿಂದೆ ಕೈಹಾಕಿ ದಿನಾಂಕ ನೋಡಿದರೆ ಮೊದಲು ಅವಧಿ ಮುಗಿಯುವ ಮಾಲು ಮುಂದಿದೆಯೋ ಇಲ್ಲವೋ ತಿಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಡೆಮೊಗೆ ಇಟ್ಟ ಟಿವಿ, ಮೊಬೈಲು ಚಾಲೂ ಇವೆಯೇ, ಇ.ಎಂ.ಐ. ವಿವರಿಸುವವರು ಇದ್ದಾರೆಯೇ ಎಂಬುದು ಎದ್ದು ಕಾಣುವ ಸಂಗತಿ. ಆಭರಣ ಮಳಿಗೆಗೆ ಹೋಗುವವರು 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಿಗಳ ಎಚ್.ಯು.ಐ.ಡಿ. ಸಂಕೇತದ ಬಗ್ಗೆ ಗಿರಾಕಿಗೆ ಅರ್ಥವಾಗುವಂತೆ ಹೇಳಲು ಬರಬೇಕು. ಎದುರಿನ ರಸ್ತೆಯಲ್ಲಿ ಪೈಪೋಟಿಯ ಅಂಗಡಿ ಯಾವುದಿದೆ, ಪಾರ್ಕಿಂಗ್ ಹೇಗಿದೆ ಎಂಬುದನ್ನೂ ನೋಡಿ ಬರುವುದು ಒಳ್ಳೆಯದು.

ಇಷ್ಟೆಲ್ಲ ಕಂಡದ್ದನ್ನು ಸಂದರ್ಶನದಲ್ಲಿ ದೋಷಪಟ್ಟಿಯಂತೆ ಒಪ್ಪಿಸಿದರೆ ಕೆಲಸ ಕೆಡುತ್ತದೆ. ಆ ಮಳಿಗೆಯನ್ನು ಕಟ್ಟಿದವರೇ ಎದುರು ಕುಳಿತಿರಬಹುದು. ಚೆನ್ನಾಗಿ ನಡೆಯುತ್ತಿರುವ ಒಂದು ಸಂಗತಿ, ಸುಧಾರಿಸಬಹುದಾದ ಒಂದು ಸಂಗತಿ, ಅದಕ್ಕೆ ಖರ್ಚಿಲ್ಲದ ಒಂದು ಉಪಾಯ: ಇಷ್ಟು ಸಾಕು.

ಅಂಕಿಗಳು

ಸ್ಟೋರ್ ಮ್ಯಾನೇಜರ್ ಸಂದರ್ಶನದಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲಿ. ಹಳೆಯ ಮಳಿಗೆಯ ತಿಂಗಳ ಟಾರ್ಗೆಟ್ ಎಷ್ಟಿತ್ತು, ಎಷ್ಟು ಮುಟ್ಟಿತು, ಚದರ ಅಡಿ ಎಷ್ಟು, ಸಿಬ್ಬಂದಿ ಎಷ್ಟು, ಸರಾಸರಿ ಬಿಲ್ ಎಷ್ಟು ಎಂದು ಕೇಳಿದಾಗ ತಡವರಿಸುವ ಅಭ್ಯರ್ಥಿ ಅಲ್ಲಿ ನಿಜವಾಗಿ ಮಳಿಗೆ ನಡೆಸಿದ್ದರೇ ಎಂಬ ಅನುಮಾನ ಬರುತ್ತದೆ. ಈ ಅಂಕಿಗಳು ನಾಲಗೆಯ ತುದಿಯಲ್ಲಿರಬೇಕು. ಹಳೆಯ ಕಂಪನಿಯ ಗುಟ್ಟಿನ ವಿವರ ಹೇಳಬಾರದೆಂದಿದ್ದರೆ ಶೇಕಡಾವಾರು ಬೆಳವಣಿಗೆ ಹೇಳಬಹುದು. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ.

ಲೆಕ್ಕದ ಮೂಲ ಸರಳ. ಒಳಗೆ ಬಂದವರ ಸಂಖ್ಯೆ ಫುಟ್‌ಫಾಲ್. ಅವರಲ್ಲಿ ಕೊಂಡವರ ಪ್ರಮಾಣ ಕನ್ವರ್ಷನ್. ಒಂದು ಬಿಲ್ಲಿನ ಸರಾಸರಿ ಮೊತ್ತ ಎ.ಬಿ.ವಿ. ಈ ಮೂರನ್ನೂ ಗುಣಿಸಿದರೆ ದಿನದ ವ್ಯಾಪಾರ. ಬಟ್ಟೆ ಮಳಿಗೆಯೊಂದಕ್ಕೆ ದಿನಕ್ಕೆ 400 ಜನ ಬಂದು 100 ಬಿಲ್ ಆದರೆ ಕನ್ವರ್ಷನ್ ಶೇ 25. ಸರಾಸರಿ ಬಿಲ್ ₹1,200 ಇದ್ದರೆ ವ್ಯಾಪಾರ ₹1,20,000. ಈಗ ಸಂದರ್ಶಕರು ಕೇಳುತ್ತಾರೆ: ಇದನ್ನು ಹೆಚ್ಚಿಸುವುದು ಹೇಗೆ? ಇನ್ನೂ 40 ಜನ ಬಂದರೆ, ಅದೇ ಪ್ರಮಾಣದಲ್ಲಿ 110 ಬಿಲ್ ಆಗಿ ₹1,32,000 ಆಗುತ್ತದೆ. ಆದರೆ ಜನರನ್ನು ಕರೆತರುವುದು ಬಹುಪಾಲು ಜಾಹೀರಾತಿನ ಕೆಲಸ, ಮ್ಯಾನೇಜರ್ ಕೈಯಲ್ಲಿಲ್ಲ. ಪ್ರತಿ ಬಿಲ್ಲಿಗೆ ₹100 ಏರಿದರೆ ₹1,30,000. ಕನ್ವರ್ಷನ್ ಶೇ 25ರಿಂದ 28ಕ್ಕೆ ಏರಿದರೆ 112 ಬಿಲ್, ₹1,34,400. ದಿನಕ್ಕೆ ₹14,400ರಂತೆ ತಿಂಗಳಿಗೆ ₹4,32,000 ಹೆಚ್ಚು. ಅದೂ ಒಂದು ರೂಪಾಯಿ ಜಾಹೀರಾತಿಲ್ಲದೆ. ಟ್ರಯಲ್ ರೂಮ್ ಸಾಲು ಕರಗಿಸುವುದು, ಹಿಂದಿನ ಸ್ಟಾಕ್ ರೂಮಿನಲ್ಲಿ ಬಿದ್ದಿರುವ ಅಳತೆಗಳನ್ನು ಮುಂದೆ ತರುವುದು, ಸಂಜೆಯ ಗದ್ದಲಕ್ಕೆ ಮುಂಚೆಯೇ ಸಿಬ್ಬಂದಿಯ ಊಟ ಮುಗಿಸಿಕೊಳ್ಳುವಂತೆ ನೋಡಿಕೊಳ್ಳುವುದು ಎಲ್ಲವೂ ಕನ್ವರ್ಷನ್ ಏರಿಸುವ ಕೆಲಸಗಳೇ. ಪೆನ್ನು ಕಾಗದ ಕೇಳಿ ಈ ಲೆಕ್ಕವನ್ನು ಸಂದರ್ಶಕರ ಮುಂದೆಯೇ ಬರೆದು ತೋರಿಸುವ ಅಭ್ಯರ್ಥಿಯನ್ನು ಅವರು ಮರೆಯುವುದಿಲ್ಲ.

ದಿನಸಿ ಮಳಿಗೆಯಲ್ಲಿ ಇದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಏನಾದರೂ ಕೊಂಡೇ ಹೋಗುತ್ತಾರೆ. ಆದ್ದರಿಂದ ಅಲ್ಲಿ ಮಾತು ಬರುವುದು ಬುಟ್ಟಿಯ ಗಾತ್ರ, ಮಾಲಿನ ಲಭ್ಯತೆ, ಕೊಳೆತು ಅಥವಾ ಅವಧಿ ಮೀರಿ ಬಿಸಾಡುವ ಡಂಪ್ ಪ್ರಮಾಣದ ಕಡೆಗೆ. ಲಾಭದ ಅಂತರ ತೆಳುವಾದ ವ್ಯಾಪಾರದಲ್ಲಿ ಒಂದು ಕ್ರೇಟ್ ಟೊಮೇಟೊ ಕೊಳೆತರೆ ಹಲವು ಕ್ರೇಟುಗಳ ಲಾಭ ಹೋಯಿತೆಂದೇ ಲೆಕ್ಕ.

ಹಿಂದಿನ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸುವ ‘ಲೈಕ್ ಫಾರ್ ಲೈಕ್’ ಬೆಳವಣಿಗೆಯನ್ನೂ ಕೇಳುತ್ತಾರೆ. ಇಲ್ಲಿ ಪಂಚಾಂಗ ಗೊತ್ತಿರುವವರಿಗೆ ಒಂದು ಅನುಕೂಲವಿದೆ. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂತು, 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಹಬ್ಬದ ವ್ಯಾಪಾರವೂ ಅದರ ಜೊತೆಗೇ ಮಾರ್ಚಿಗೆ ಸರಿಯಿತು. ಎರಡು ಏಪ್ರಿಲ್‌ಗಳನ್ನಷ್ಟೇ ಹೋಲಿಸಿ ವ್ಯಾಪಾರ ಬಿತ್ತೆನ್ನುವುದು ಸರಿಯಲ್ಲ, ಮಾರ್ಚ್-ಏಪ್ರಿಲ್ ಎರಡನ್ನೂ ಸೇರಿಸಿ ನೋಡಬೇಕು. ಕರ್ನಾಟಕದ ಮಳಿಗೆಗೆ ಇಂಥ ಕ್ಯಾಲೆಂಡರ್ ಜ್ಞಾನ ದೊಡ್ಡ ಅರ್ಹತೆ. ಶಾಲೆ ಶುರುವಾಗುವ ಮುಂಚಿನ ಮೇ ಕೊನೆ, ಶುಭಕಾರ್ಯಗಳಿಲ್ಲದೆ ವ್ಯಾಪಾರ ತಣ್ಣಗಾಗುವುದರಿಂದ ರಿಯಾಯಿತಿ ಬೋರ್ಡು ಏಳುವ ಆಷಾಢ, ಅದರ ಬೆನ್ನಿಗೇ ಸೀರೆ, ಬೆಳ್ಳಿ, ಪೂಜಾ ಸಾಮಗ್ರಿಗೆ ಜನ ಮುಗಿಬೀಳುವ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ. ಮುಖ್ಯ ಕಚೇರಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇರುವ ಕಂಪನಿಗೆ ಇವೆಲ್ಲ ಅಷ್ಟಾಗಿ ಹೊಳೆದಿರುವುದಿಲ್ಲ. ವರಮಹಾಲಕ್ಷ್ಮಿಗೆ ಎಷ್ಟು ವಾರ ಮೊದಲು ಸ್ಟಾಕ್ ಕೇಳಬೇಕು ಎಂದು ಹೇಳಬಲ್ಲವರು ಅವರಿಗೆ ಬೇಕು.

ಜನರನ್ನು ಕುರಿತ ಪ್ರಶ್ನೆಗಳು

ನಾಯಕತ್ವದ ಗುಣ ಏನು ಎಂಬ ಪ್ರಶ್ನೆ ಈಗ ಅಪರೂಪ. ನಡೆದ ಘಟನೆಯನ್ನೇ ಹೇಳಿ ಎನ್ನುವುದು ಈಗಿನ ರೀತಿ. ಹೆಚ್ಚು ರಜೆ ಹಾಕುವ ಹಳೆಯ ಕೆಲಸಗಾರನನ್ನು ಹೇಗೆ ನಿಭಾಯಿಸಿದಿರಿ? ತಮಗಿಂತ ವಯಸ್ಸಾದವರು ಕೈಕೆಳಗೆ ಇದ್ದಾಗ ಏನು ಮಾಡಿದಿರಿ? ಬ್ರ್ಯಾಂಡ್‌ನವರು ಸಂಬಳ ಕೊಟ್ಟು ನಿಲ್ಲಿಸಿದ ಪ್ರಮೋಟರ್ ತನ್ನ ಮಾಲನ್ನಷ್ಟೇ ತೋರಿಸುತ್ತಾ ಗಿರಾಕಿಯನ್ನು ಬೇರೆ ಕಡೆ ಬಿಡದಿದ್ದರೆ? ಎಲ್ಲರಿಗೂ ಭಾನುವಾರವೇ ವೀಕ್ ಆಫ್ ಬೇಕೆಂದರೆ? “ನಾನು ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುತ್ತೇನೆ” ಎಂಬ ಉತ್ತರದಿಂದ ಸಂದರ್ಶಕರಿಗೆ ಏನೂ ತಿಳಿಯುವುದಿಲ್ಲ.

ಒಳ್ಳೆಯ ಉತ್ತರ ಹೀಗಿರಬಹುದು: “ಭಾನುವಾರ ಸಂಜೆ ಆರರಿಂದ ಒಂಬತ್ತರವರೆಗೆ ಬಿಲ್ಲಿಂಗ್ ಸಾಲು ಉದ್ದವಾಗಿ ಜನ ಬುಟ್ಟಿ ಬಿಟ್ಟು ಹೋಗುತ್ತಿದ್ದರು. ಎರಡು ಭಾನುವಾರ ಬಿಟ್ಟುಹೋದ ಬುಟ್ಟಿ ಎಣಿಸಿದೆ. ಫ್ಲೋರಿನ ಮೂವರು ಹುಡುಗರಿಗೆ ಬಿಲ್ಲಿಂಗ್ ಕಲಿಸಿ, ಆ ಮೂರು ಗಂಟೆ ಮಾತ್ರ ಹೆಚ್ಚುವರಿ ಕೌಂಟರ್ ತೆರೆಸಿದೆ. ಅವರಿಗೆ ಸೋಮವಾರ ತಡವಾಗಿ ಬರುವ ಶಿಫ್ಟ್ ಕೊಟ್ಟೆ. ಮುಂದಿನ ತಿಂಗಳು ಬುಟ್ಟಿ ಬಿಡುವುದು ಅರ್ಧಕ್ಕಿಳಿಯಿತು.” ಇದರಲ್ಲಿ ತೊಂದರೆ ಇದೆ, ಅದನ್ನು ಅಳೆದದ್ದಿದೆ, ತೀರ್ಮಾನವಿದೆ, ಸಿಬ್ಬಂದಿಗೆ ಪ್ರತಿಯಾಗಿ ಏನು ಸಿಕ್ಕಿತೆಂಬುದೂ ಇದೆ. ಇಂಥ ನಾಲ್ಕೈದು ಘಟನೆಗಳನ್ನು ಮನೆಯಲ್ಲೇ ಬರೆದಿಟ್ಟುಕೊಂಡರೆ ಅರ್ಧ ಪ್ರಶ್ನೆಗಳಿಗೆ ಅವೇ ಹೊಂದುತ್ತವೆ. ಬೇರೆಯವರ ಅನುಭವವನ್ನು ತನ್ನದೆಂದು ಹೇಳುವ ಸಾಹಸ ಬೇಡ. ಎರಡನೆಯ ಉಪಪ್ರಶ್ನೆಗೇ ಅದು ಬಯಲಾಗುತ್ತದೆ.

ಕೋಪಗೊಂಡ ಗಿರಾಕಿ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದರೆ ಏನು ಮಾಡುವಿರಿ ಎಂಬುದು ಇತ್ತೀಚೆಗೆ ಸಾಮಾನ್ಯವಾಗಿ ಬರುವ ಪ್ರಶ್ನೆ. ಫೋನ್ ಕಿತ್ತುಕೊಳ್ಳುವ ಮಾತಂತೂ ಬರಲೇಬಾರದು. ಗಿರಾಕಿಯನ್ನು ಕರೆದು ಕೂರಿಸಿ, ತಾವೇ ಮುಂದೆ ನಿಂತು ಮಾತಾಡಿ, ಅಲ್ಲೇ ಆಗುವ ಪರಿಹಾರವನ್ನು ಅಲ್ಲೇ ಕೊಟ್ಟು, ಆಗದ್ದನ್ನು ಯಾವ ಹೊತ್ತಿಗೆ ತಿಳಿಸುತ್ತೇವೆಂದು ಹೇಳುವುದು ಸರಿಯಾದ ಕ್ರಮ. ಬೆಂಗಳೂರಿನ ಮಳಿಗೆಗಳಲ್ಲಿ ಇಂಥ ಜಗಳಗಳು ಕೆಲವೊಮ್ಮೆ ಭಾಷೆಯಿಂದ ಹುಟ್ಟುತ್ತವೆ. ಪ್ರತಿ ಶಿಫ್ಟಿನಲ್ಲೂ ಬಿಲ್ಲಿಂಗ್ ಮತ್ತು ಸಹಾಯ ಕೌಂಟರಿನಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರುವಂತೆ ರೋಸ್ಟರ್ ಹಾಕುತ್ತೇನೆ ಎನ್ನುವ ಅಭ್ಯರ್ಥಿ, ಜಗಳ ಬಿಡಿಸುವುದನ್ನು ಚೆನ್ನಾಗಿ ವಿವರಿಸುವವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ.

ಸಂದರ್ಶನದ ಭಾಷೆಯ ಭಯವೂ ಹಲವರನ್ನು ಕಾಡುತ್ತದೆ. ದೊಡ್ಡ ಸರಣಿಗಳಲ್ಲಿ ಇಂಗ್ಲಿಷ್ ವರದಿ ಓದಲು, ಮೇಲ್ ಬರೆಯಲು ಬರಲೇಬೇಕು. ಆದರೆ ಮಾತಿನಲ್ಲಿ ಅಲಂಕಾರ ಬೇಕಿಲ್ಲ. ಚಿಕ್ಕ ವಾಕ್ಯ, ಸರಿಯಾದ ಅಂಕಿ ಇದ್ದರೆ ಸಾಕು. ನಡುವೆ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಮಂಗಳೂರಿಗೆ ತುಳು, ಬೆಳಗಾವಿಗೆ ಮರಾಠಿ, ಕಲಬುರಗಿಗೆ ಉರ್ದು ಬಲ್ಲವರು ಅದನ್ನು ಅರ್ಜಿಯಲ್ಲೇ ಬರೆದಿರಬೇಕು.

ಕೊರತೆ ಮತ್ತು ಕಳವು

ಪುಸ್ತಕದಲ್ಲಿರುವ ಸ್ಟಾಕಿಗೂ ಎಣಿಸಿದಾಗ ಸಿಗುವ ಸ್ಟಾಕಿಗೂ ಇರುವ ವ್ಯತ್ಯಾಸಕ್ಕೆ ಶ್ರಿಂಕೇಜ್ ಎನ್ನುತ್ತಾರೆ. ಪುಸ್ತಕದಲ್ಲಿ ₹80,00,000, ಎಣಿಕೆಯಲ್ಲಿ ₹79,20,000 ಸಿಕ್ಕಿದರೆ ಕೊರತೆ ₹80,000. ಎರಡು ಎಣಿಕೆಗಳ ನಡುವೆ ಒಂದು ಕೋಟಿ ವ್ಯಾಪಾರವಾಗಿದ್ದರೆ ಅದು ಮಾರಾಟದ ಶೇ 0.8. ಈ ಲೆಕ್ಕ ಮಾಡಲು ಬರುವುದು ಕನಿಷ್ಠ ಅರ್ಹತೆ.

ಕಾರಣ ಕೇಳಿದ ಕೂಡಲೇ ಕಳ್ಳರು ಎನ್ನುವುದು ಅವಸರದ ಉತ್ತರ. ಅನುಭವಿಗಳು ಮೊದಲು ಕಾಗದ ನೋಡುತ್ತಾರೆ. ಲಾರಿಯಿಂದ ಇಳಿಸುವಾಗ ಎಣಿಸದೆ ಸಹಿ ಹಾಕಿದ್ದು, ಬೇರೆ ಮಳಿಗೆಗೆ ಕಳಿಸಿದ ಮಾಲನ್ನು ಸಿಸ್ಟಮ್‌ನಲ್ಲಿ ಇಳಿಸದೇ ಇದ್ದದ್ದು, ಒಂದೇ ಬೆಲೆಯ ಎರಡು ಬಣ್ಣಗಳಿಗೆ ಒಂದೇ ಬಾರ್‌ಕೋಡ್ ಹೊಡೆದದ್ದು, ಒಡೆದ ಮಾಲನ್ನು ಬರೆಯದೆ ಬಿಸಾಡಿದ್ದು. ಇವುಗಳ ನಂತರ ಹೊರಗಿನ ಕಳವು, ಒಳಗಿನ ಕಳವು. ಪರಿಚಯದವರ ಬುಟ್ಟಿಯಲ್ಲಿ ಎರಡು ವಸ್ತು ಸ್ಕ್ಯಾನ್ ಮಾಡದೆ ದಾಟಿಸುವುದು, ಗಿರಾಕಿ ಹೋದ ಮೇಲೆ ಬಿಲ್ ರದ್ದು ಮಾಡಿ ನಗದು ಜೇಬಿಗಿಳಿಸುವುದು ಒಳಗಿನ ಕಳವಿನ ಪರಿಚಿತ ದಾರಿಗಳು. ಆದ್ದರಿಂದ ರದ್ದಾದ ಬಿಲ್ಲು ಮತ್ತು ರಿಟರ್ನ್ ವರದಿಯನ್ನು ಕ್ಯಾಷಿಯರ್‌ವಾರು ದಿನವೂ ನೋಡುತ್ತೇನೆ ಎಂಬ ಮಾತಿಗೆ ಬೆಲೆಯಿದೆ.

ಕದಿಯುವುದನ್ನು ಕಂಡರೆ ಏನು ಮಾಡುವಿರಿ ಎಂಬುದು ಒಂದು ಬಲೆ. ಹಿಡಿದು ಹೊಡೆಯುವುದು, ಮೈ ತಡಕುವುದು, ಕೋಣೆಯಲ್ಲಿ ಕೂಡಿಹಾಕುವುದು ಕಂಪನಿಯನ್ನೇ ಕಟಕಟೆಗೆ ತರುವ ಕೆಲಸ. ಸಿಸಿಟಿವಿ ದೃಶ್ಯ ಉಳಿಸಿ, ಸಾಕ್ಷಿಯ ಎದುರು ಸೌಜನ್ಯದಿಂದ ವಿಚಾರಿಸಿ, ಕಂಪನಿಯ ನಿಯಮದಂತೆ ಲಾಸ್ ಪ್ರಿವೆನ್ಷನ್ ವಿಭಾಗಕ್ಕೆ, ಬೇಕಾದರೆ ಪೊಲೀಸರಿಗೆ ತಿಳಿಸುವುದು ಸರಿ. ಸಿಬ್ಬಂದಿಯೇ ಆಗಿದ್ದರೂ ಅಲ್ಲೇ ಕೆಲಸದಿಂದ ತೆಗೆದೆ ಎನ್ನಬಾರದು. ಲಿಖಿತ ದೂರು, ವಿವರಣೆಗೆ ಅವಕಾಶ, ಎಚ್.ಆರ್. ವಿಚಾರಣೆ ಎಂಬ ಕ್ರಮ ಹೇಳಬೇಕು.

ಕಾನೂನು

ಕಾನೂನಿನ ಪ್ರಶ್ನೆಗಳು ಕಡಿಮೆ ಬರುತ್ತವೆ, ಬಂದಾಗ ಉತ್ತರಿಸುವವರು ಇನ್ನೂ ಕಡಿಮೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ವಾರಕ್ಕೆ 48 ಗಂಟೆಯ ಮಿತಿ, ವಾರದ ರಜೆ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಅದರಲ್ಲಿವೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಪ್ಯಾಕ್ ಮಾಡಿದ ಮಾಲನ್ನು ಎಂ.ಆರ್.ಪಿ.ಗಿಂತ ಹೆಚ್ಚಿಗೆ ಮಾರುವಂತಿಲ್ಲ. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಆಹಾರ ಮಾರುವ ಮಳಿಗೆ ಎಫ್.ಎಸ್.ಎಸ್.ಎ.ಐ. ಪರವಾನಗಿಯನ್ನು ಕಾಣುವಂತೆ ತೂಗುಹಾಕಬೇಕು. ನಾಮಫಲಕದಲ್ಲಿ ಕನ್ನಡ ಶೇ 60ರಷ್ಟಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ.

“ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ” ಎಂಬ ಫಲಕದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ತಿಳಿದಿರಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ ಎಂದು ತಂದರೆ ಅದು ಕಂಪನಿಯ ನೀತಿಗೆ ಬಿಟ್ಟದ್ದು, ಹೊಲಿಗೆ ಬಿಚ್ಚಿದ್ದರೆ ಅದು ಕಾನೂನಿನ ಮಾತು. ಈ ಗೆರೆ ಎಲ್ಲಿದೆಯೆಂದು ತಿಳಿದ ಮ್ಯಾನೇಜರ್ ಕೌಂಟರಿನಲ್ಲಿ ಅರ್ಧ ಜಗಳಗಳನ್ನು ಆರಂಭದಲ್ಲೇ ಮುಗಿಸುತ್ತಾರೆ.

ಅಭ್ಯರ್ಥಿ ಕೇಳಬೇಕಾದದ್ದು

ಕೊನೆಯಲ್ಲಿ ಏನಾದರೂ ಕೇಳುವುದಿದೆಯೇ ಎಂದಾಗ ಇಲ್ಲ ಎನ್ನುವುದು ಅವಕಾಶ ಕಳೆದುಕೊಂಡಂತೆ. ಈ ಮಳಿಗೆಗೆ ಮ್ಯಾನೇಜರ್ ಇಲ್ಲದೆ ಎಷ್ಟು ದಿನವಾಯಿತು, ಹಿಂದಿನವರು ಏಕೆ ಹೋದರು, ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಟಾರ್ಗೆಟ್ ಮುಟ್ಟಿದೆ, ಮಂಜೂರಾದ ಸಿಬ್ಬಂದಿ ಎಷ್ಟು, ಈಗ ಇರುವವರು ಎಷ್ಟು ಎಂದು ವಿನಯದಿಂದ ಕೇಳಬಹುದು. ಹದಿನೆಂಟು ಜನರ ಮಳಿಗೆಯನ್ನು ಹನ್ನೊಂದು ಜನರಿಂದ ನಡೆಸುತ್ತಿದ್ದರೆ ಅದು ಸೇರುವ ಮೊದಲೇ ತಿಳಿಯಬೇಕಾದ ಸಂಗತಿ.

ಸಂಬಳದ ಮಾತಿನಲ್ಲಿ ವಾರ್ಷಿಕ ಸಿ.ಟಿ.ಸಿ. ಕೇಳಿ ಒಪ್ಪಿಕೊಂಡುಬಿಡಬಾರದು. ಅದರಲ್ಲಿ ಇನ್ಸೆಂಟಿವ್ ಸೇರಿದೆಯೇ, ಇನ್ಸೆಂಟಿವ್ ಶೇ 100 ಟಾರ್ಗೆಟ್ ಮುಟ್ಟಿದರೆ ಮಾತ್ರವೋ ಶೇ 90ರಿಂದಲೇ ಶುರುವೋ, ಕಂಪನಿಯ ಪಾಲಿನ ಪಿ.ಎಫ್. ಅದರಲ್ಲೇ ಇದೆಯೇ, ಕೈಗೆ ಬರುವುದೆಷ್ಟು ಎಂದು ಬಿಡಿಸಿ ಕೇಳಬೇಕು. ಸ್ಟಾಕ್ ಕೊರತೆಯನ್ನು ಸಿಬ್ಬಂದಿಯ ಸಂಬಳದಿಂದ ಮುರಿಯುವ ಪದ್ಧತಿ ಇದೆಯೇ ಎಂಬ ಪ್ರಶ್ನೆಗೆ ಸಂಕೋಚ ಬೇಡ. ಆಫರ್ ಪತ್ರದಲ್ಲಿ ವರ್ಗಾವಣೆಯ ಷರತ್ತು, ನೋಟಿಸ್ ಅವಧಿ, ಪ್ರೊಬೇಷನ್ ಇವುಗಳನ್ನು ಓದದೆ ಸಹಿ ಮಾಡುವಂತಿಲ್ಲ. ಹಳೆಯ ಕಂಪನಿಯ ರಿಲೀವಿಂಗ್ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ನೋಂದಣಿ, ಯೂನಿಫಾರ್ಮ್, ತರಬೇತಿ ಎಂದು ಯಾರಾದರೂ ಮುಂಗಡ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ದೊಡ್ಡ ಕಂಪನಿಗಳ ಹೆಸರಿನಲ್ಲಿ ಇಂಥ ನಕಲಿ ಆಫರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ.

ಎಲ್ಲ ಒಪ್ಪಿಗೆಯಾದ ಮೇಲೆ ಕೇಳಲು ಇನ್ನೊಂದು ಉಳಿದಿರುತ್ತದೆ: ಚಾರ್ಜ್ ತೆಗೆದುಕೊಳ್ಳುವ ದಿನ ಪೂರ್ತಿ ಸ್ಟಾಕ್ ಎಣಿಕೆ ನಡೆಯುತ್ತದೆಯೇ? ಎಣಿಕೆಯಿಲ್ಲದೆ ಸಹಿ ಹಾಕಿದರೆ ಹಿಂದಿನವರ ಕಾಲದ ಕೊರತೆ ಮುಂದಿನ ಆಡಿಟ್‌ನಲ್ಲಿ ಹೊಸಬರ ಹೆಸರಿಗೆ ಬೀಳುತ್ತದೆ. ಎಣಿಕೆ ಆಗುತ್ತದೆ ಎಂಬ ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಂಡು, ಎಣಿಕೆಯ ಹಾಳೆಗೆ ಹಳಬರು, ಹೊಸಬರು, ಏರಿಯಾ ಮ್ಯಾನೇಜರ್ ಮೂವರ ಸಹಿಯನ್ನೂ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕು.